ಸಾಲಿ ಮಾಸ್ತರ ಮೋಗ್ಲಿಂಗ್



ಕನ್ನಡದ ಕೆಲಸ ಮಾಡಿದ ಜರ್ಮನ್ನರು ಎಂದೊಡನೆ ಧಾರವಾಡದವರಿಗೆ ಮೊದಲು ನೆನಪಾಗುವವರು ಕಿಟೆಲ್. ಅವರ ಹೆಸರಿನ ಕಾಲೇಜು ಈ ಊರಲ್ಲೇ ಇದೆ. ಅವರ ನಿಘಂಟನ್ನು ಬಿಚ್ಚಿ ನೋಡದವರೂ ಅದರ ಹೆಸರು ಕೇಳಿರುತ್ತಾರೆ. ಕಿಟೆಲ್‌ಗಿಂತ ಹದಿನೇಳು ವರ್ಷ ಮೊದಲು, 1836ರಲ್ಲಿ, ಕನ್ನಡ ಸೀಮೆಗೆ ಬಂದ ಹರ್ಮನ್ ಮೋಗ್ಲಿಂಗ್ ಅವರ ಪಾಲಿಗೆ ಇಷ್ಟು ಭಾಗ್ಯವಿಲ್ಲ. ವರ್ಷಕ್ಕೊಮ್ಮೆ ಜುಲೈ 1ರ ಪತ್ರಿಕಾ ದಿನಾಚರಣೆಯಲ್ಲಿ ‘ಮಂಗಳೂರ ಸಮಾಚಾರ’ದ ಸಂಪಾದಕರೆಂದು ಅವರಿಗೆ ಹಾರ ಬೀಳುತ್ತದೆ, ಜುಲೈ 2ಕ್ಕೆ ಮರೆತುಬಿಡುತ್ತೇವೆ. ಇಂದು ಅವರ ಜೀವನವನ್ನು ಹುಟ್ಟಿನಿಂದ ಸಾವಿನವರೆಗೆ ಹೇಳುತ್ತ ಹೋಗುವ ಉದ್ದೇಶ ನನಗಿಲ್ಲ. ಅವರ ಬದುಕಿನಲ್ಲಿ ಒಂದು ಒಗಟಿದೆ. ಆ ಒಗಟನ್ನು ಬಿಡಿಸುವ ಪ್ರಯತ್ನ ಈ ಉಪನ್ಯಾಸ.

ಒಗಟು ಇಷ್ಟೆ. 1848ರಿಂದ 1853ರವರೆಗೆ ಮಂಗಳೂರಿನಲ್ಲಿದ್ದ, ಬಾಸೆಲ್ ಮಿಶನ್ ಎಂಬ ಕ್ರೈಸ್ತ ಮತಪ್ರಚಾರ ಸಂಸ್ಥೆಯ ಛಾಪಖಾನೆಯಿಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಮಾಲೆ ಹೊರಬಂದಿತು. ಲಕ್ಷ್ಮೀಶನ ಜೈಮಿನಿ ಭಾರತ, ಭೀಮಕವಿಯ ಬಸವಪುರಾಣ, ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣ, ದಾಸರ ಪದಗಳು, ಒಂದು ಯಕ್ಷಗಾನ ಪ್ರಸಂಗ: ಅಲ್ಲಿಯವರೆಗೆ ಓಲೆಗರಿಯಲ್ಲಿ, ಕಾಗದದ ಕೈಬರಹದಲ್ಲಿ, ಜನರ ನಾಲಗೆಯ ಮೇಲೆ ಇದ್ದ ಕನ್ನಡ ಸಾಹಿತ್ಯ ಅಚ್ಚಿನ ರೂಪದಲ್ಲಿ ಮಾಲೆಗಟ್ಟಿ ಬಂದದ್ದು ಅದೇ ಮೊದಲು. ಅಚ್ಚು ಹಾಕಿಸಿದ ಪಾದ್ರಿ ಮೋಗ್ಲಿಂಗ್ ಆದರೋ ಈ ಕೃತಿಗಳ ದೇವರನ್ನು ಒಪ್ಪದವರು; ಒಪ್ಪದಿರುವುದನ್ನೇ ಜನರಿಗೆ ಹೇಳಲೆಂದು ಕಳಿಸಲ್ಪಟ್ಟವರು. ಬಸವನನ್ನೂ ವಿಠಲನನ್ನೂ ಬಿಡಿರೆಂದು ಸಾರುವವರು ಬಸವನ ಪುರಾಣವನ್ನೂ ವಿಠಲನ ಪದಗಳನ್ನೂ ಏಕೆ ಜೋಪಾನ ಮಾಡಿದರು?

ಇದಕ್ಕೆ ನಮ್ಮಲ್ಲಿ ಎರಡು ಸಿದ್ಧ ಉತ್ತರಗಳಿವೆ. ಎದುರಾಳಿಯನ್ನು ಗೆಲ್ಲಲು ಎದುರಾಳಿಯ ಗ್ರಂಥ ಓದಬೇಕಲ್ಲ, ಅದಕ್ಕಾಗಿ ಎಂಬುದು ಒಂದು. ಕನ್ನಡದ ಸೊಬಗಿಗೆ ಮಾರುಹೋದ ಪಾದ್ರಿ ಮೆಲ್ಲಗೆ ತನ್ನ ಕೆಲಸ ಮರೆತು ಕನ್ನಡದ ಕೆಲಸಕ್ಕೆ ನಿಂತ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಸಂಶಯ ಹೆಚ್ಚು, ಎರಡನೆಯದರಲ್ಲಿ ಅಭಿಮಾನ ಹೆಚ್ಚು. ಎರಡರಲ್ಲೂ ಪುಸ್ತಕಗಳನ್ನು ಎದುರಿಗಿಟ್ಟುಕೊಂಡು ನೋಡುವ ತಾಳ್ಮೆ ಕಡಿಮೆ. ನೋಡಿದರೆ ಕಾಣುವುದು ಮೂರನೆಯ ಮುಖ. ಮೋಗ್ಲಿಂಗ್ ಮೂಲತಃ ಒಬ್ಬ ಸಾಲಿ ಮಾಸ್ತರರು. ಅವರ ಪಾಂಡಿತ್ಯ ಹುಟ್ಟಿದ್ದು ಚರ್ಚಿನಲ್ಲೂ ಅಲ್ಲ, ಗ್ರಂಥಾಲಯದಲ್ಲೂ ಅಲ್ಲ, ತರಗತಿಯಲ್ಲಿ. ಹುಡುಗರ ಮುಂದೆ ಕನ್ನಡ ಪುಸ್ತಕ ಇಡಬೇಕು, ಪುಸ್ತಕವೇ ಇಲ್ಲ ಎಂಬ ಅವಸರ ಅವರಿಂದ ಏನೇನು ಮಾಡಿಸಿತೋ ಅದೇ ಅವರ ಕನ್ನಡ ಸೇವೆ. ಅವರ ದೊಡ್ಡಸ್ತಿಕೆಯೂ ಅವರ ಕೊರತೆಯೂ ಈ ಒಂದೇ ಬೇರಿನಿಂದ ಬಂದವು.

ಇದು ಮೋಗ್ಲಿಂಗ್ ಒಬ್ಬರ ಸ್ವಭಾವದ ಮಾತಲ್ಲ. ಅವರು ಬಂದ ಸೀಮೆಯಲ್ಲಿ ಮೂರು ಶತಮಾನಗಳಿಂದ ನಡೆದುಬಂದ ಪದ್ಧತಿ. ಅವರು ಹುಟ್ಟಿದ್ದು 1811ರಲ್ಲಿ, ವ್ಯೂರ್ಟೆಂಬರ್ಗ್ ರಾಜ್ಯದ ಬ್ರಾಕೆನ್‌ಹೈಮ್ ಎಂಬ ಸಣ್ಣ ಊರಿನಲ್ಲಿ, ಶಿಕ್ಷಕರ ಮನೆಯಲ್ಲಿ. ಆ ರಾಜ್ಯದ ಶಾಲಾ ವ್ಯವಸ್ಥೆಗೆ ತಳಹದಿ ಬಿದ್ದದ್ದು ಹದಿನಾರನೆಯ ಶತಮಾನದಲ್ಲಿ. ಮತಸುಧಾರಣೆಯಿಂದ ಖಾಲಿಯಾದ ಕ್ರೈಸ್ತ ಮಠಗಳನ್ನು ಡ್ಯೂಕ್ ಕ್ರಿಸ್ಟೋಫ್ 1550ರ ದಶಕದಲ್ಲಿ ವಸತಿಶಾಲೆಗಳನ್ನಾಗಿ ಮಾಡಿದ. ಊರೂರಿನ ಲ್ಯಾಟಿನ್ ಶಾಲೆಗಳಲ್ಲಿ ಜಾಣರಾದ ಹುಡುಗರನ್ನು ಪರೀಕ್ಷೆ ಇಟ್ಟು ಆರಿಸಿ, ಅಲ್ಲಿ ಸರ್ಕಾರದ ಖರ್ಚಿನಲ್ಲಿ ಓದಿಸಿ, ಟ್ಯೂಬಿಂಗನ್ ವಿಶ್ವವಿದ್ಯಾಲಯದ ‘ಷ್ಟಿಫ್ಟ್’ ಎಂಬ ವಿದ್ಯಾರ್ಥಿನಿಲಯಕ್ಕೆ ಕಳಿಸುತ್ತಿದ್ದರು. ಆ ನಿಲಯ ಆರಂಭವಾದದ್ದು 1536ರಲ್ಲಿ. ಖಗೋಳ ವಿಜ್ಞಾನಿ ಕೆಪ್ಲರ್, ತತ್ತ್ವಜ್ಞಾನಿ ಹೆಗೆಲ್, ಕವಿ ಹ್ಯೋಲ್ಡರ್ಲಿನ್ ಎಲ್ಲರೂ ಅಲ್ಲಿ ಉಂಡು ಓದಿದವರೆ. ಮೋಗ್ಲಿಂಗ್ ಕಲಿತದ್ದು ಅದೇ ಟ್ಯೂಬಿಂಗನ್‌ನಲ್ಲಿ. ಅವರ ಗೆಳೆಯ, ಮುಂದೆ ಮಲಯಾಳಂ ನಿಘಂಟನ್ನು ಕೊಟ್ಟ ಹರ್ಮನ್ ಗುಂಡರ್ಟ್ ಕಲಿತದ್ದೂ ಅಲ್ಲೆ.

ಈ ಪದ್ಧತಿಯ ಮೂಲಪುರುಷ ಫಿಲಿಪ್ ಮೆಲಾಂಖ್ಟನ್. 1497ರಲ್ಲಿ ಬ್ರೆಟನ್ ಎಂಬ ಊರಿನಲ್ಲಿ ಹುಟ್ಟಿ, ಟ್ಯೂಬಿಂಗನ್‌ನಲ್ಲಿ ಓದಿ, ವಿಟೆನ್‌ಬರ್ಗ್‌ನಲ್ಲಿ ಮತಸುಧಾರಕ ಲೂಥರನ ಬಲಗೈಯಾಗಿ ಕೆಲಸ ಮಾಡಿದ ಈತನನ್ನು ಆ ದೇಶದವರು ‘ಜರ್ಮನಿಯ ಗುರು’ ಎಂದೇ ಕರೆದರು. ಗ್ರೀಕ್ ವ್ಯಾಕರಣ ಪ್ರಕಟಿಸಿದಾಗ, ಅಂದರೆ 1518ರಲ್ಲಿ, ಈತನಿಗೆ ಇಪ್ಪತ್ತೊಂದು ವರ್ಷ. ವಿಶ್ವವಿದ್ಯಾಲಯದ ಪ್ರಾಧ್ಯಾಪಕನಾಗಿಯೂ ತನ್ನ ಮನೆಯಲ್ಲೇ ಹುಡುಗರನ್ನು ಇಟ್ಟುಕೊಂಡು ಲ್ಯಾಟಿನ್ ಕಲಿಸುವುದನ್ನು ಬಿಡಲಿಲ್ಲ. ಈತನ ವ್ಯಾಕರಣಗಳೆಲ್ಲ ಹುಡುಗರ ಅಗತ್ಯದಿಂದ ಹುಟ್ಟಿದವು. ಆ ಕಾಲದ ಲ್ಯಾಟಿನ್ ಶಾಲೆಯ ಪಾಠಕ್ರಮವನ್ನು ಒಮ್ಮೆ ನೋಡಿ: ಮೊದಲು ಗಾದೆ, ಬುದ್ಧಿಮಾತು, ಆಮೇಲೆ ಸಣ್ಣ ಕಥೆ, ಸಂಭಾಷಣೆ, ಆಮೇಲೆ ಒಳ್ಳೆಯ ಕವಿಯಿಂದ ಆಯ್ದ ಭಾಗಗಳು, ಇವುಗಳ ಜೊತೆಜೊತೆಗೆ ವ್ಯಾಕರಣ. ಎರಾಸ್ಮಸ್‌ನಂಥ ಮಹಾಪಂಡಿತ ಗಾದೆಗಳನ್ನು ಕೂಡಿಹಾಕಿದ, ಹುಡುಗರಿಗಾಗಿ ಸಂಭಾಷಣೆಗಳನ್ನು ಬರೆದ. ಅದನ್ನು ಯಾರೂ ಕೀಳು ಕೆಲಸವೆಂದು ತಿಳಿಯಲಿಲ್ಲ. ಷ್ಟಿಫ್ಟ್‌ನಿಂದ ಹೊರಬಿದ್ದ ಕೆಪ್ಲರ್ 1594ರಲ್ಲಿ ಸೇರಿದ್ದು ಗ್ರಾಟ್ಸ್ ಊರಿನ ಶಾಲೆಯ ಗಣಿತದ ಮಾಸ್ತರಿಕೆಗೆ. ಗ್ರಹಗಳ ಅಂತರದ ಬಗ್ಗೆ ಆತನ ಮೊದಲ ದೊಡ್ಡ ಕಲ್ಪನೆ ಹೊಳೆದದ್ದು 1595ರ ಜುಲೈನಲ್ಲಿ, ಪಾಠ ಮಾಡುತ್ತ ಆಕೃತಿ ಬರೆಯುತ್ತಿದ್ದಾಗ. ಹಾಗೆಂದು ಆತನೇ ಬರೆದಿಟ್ಟಿದ್ದಾನೆ. ಕಲಿಸುವುದು ಬೇರೆ, ಸಂಶೋಧನೆ ಬೇರೆ ಎಂಬ ಗೋಡೆಯನ್ನು ನಮ್ಮ ವಿಶ್ವವಿದ್ಯಾಲಯಗಳು ಬಹಳ ಈಚೆಗೆ ಕಟ್ಟಿಕೊಂಡವು.

ಈ ಹಿನ್ನೆಲೆ ಕೈಯಲ್ಲಿಟ್ಟುಕೊಂಡು ಮೋಗ್ಲಿಂಗ್ ಅವರ ಕೆಲಸದ ಕಡೆ ಬರೋಣ. ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂದಿತು. 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, ಮುಂದೆ ಗದುಗಿನ ಬೆಟಗೇರಿಯಲ್ಲಿ ಠಾಣೆ ಹಾಕಿತು. ಮೋಗ್ಲಿಂಗ್ ಅವರ ಮೊದಮೊದಲ ವರ್ಷಗಳಲ್ಲಿ ಒಂದಷ್ಟು ಕಾಲ ಧಾರವಾಡ, ಹುಬ್ಬಳ್ಳಿಗಳಲ್ಲಿ ಕಳೆಯಿತು. ಉಳಿದಂತೆ ಅವರ ಮುಖ್ಯ ನೆಲೆ ಮಂಗಳೂರು, ಅಲ್ಲಿ ಮುಖ್ಯ ಕೆಲಸ ಹುಡುಗರ ವಸತಿಶಾಲೆ. ಆ ಶಾಲೆಯೇ ಬೆಳೆದು ಉಪದೇಶಿಗಳನ್ನು ತಯಾರಿಸುವ ಸೆಮಿನರಿಯಾಯಿತು, ಬಲ್ಮಠದ ಗುಡ್ಡದ ಮೇಲೆ ನೆಲೆನಿಂತಿತು. ಹುಡುಗರ ಜೊತೆಗೇ ಇದ್ದು, ಹಗಲೆಲ್ಲ ಪಾಠ ಹೇಳಿ, ಸಂಜೆ ತಾವು ಪಂಡಿತರ ಮುಂದೆ ಕೂತು ಪಾಠ ಹೇಳಿಸಿಕೊಂಡು: ಹೀಗೆ ಸಾಗಿತು ಅವರ ದಿನಚರಿ. ಮೆಲಾಂಖ್ಟನ್ ಮನೆಯ ಮಾದರಿ ಕರಾವಳಿಯ ಬಿಸಿಲಿಗೆ ಬಂದಂತೆ.

ಆಗ ಆ ಹುಡುಗರಿಗೆ ಓದಲು ಏನಿತ್ತು? ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರು ಮಾಡಿದ ಬೈಬಲ್ಲಿನ ಅನುವಾದ, ವಿಲಿಯಂ ರೀವ್ ಮಾಡಿದ ನಿಘಂಟು, ಸೆರಾಂಪುರದಲ್ಲಿ ಕೇರಿ 1817ರಲ್ಲಿ ಅಚ್ಚು ಹಾಕಿಸಿದ ವ್ಯಾಕರಣ. ಇವು ದೊರೆಗಳಿಗೂ ಪಾದ್ರಿಗಳಿಗೂ ಬೇಕಾದ ಪುಸ್ತಕಗಳು. ಕನ್ನಡ ಬಲ್ಲ ಹುಡುಗ ಕೈಗೆತ್ತಿಕೊಂಡು ಸರಾಗವಾಗಿ ಓದುವ ಗದ್ಯವೇ ಅಚ್ಚಿನಲ್ಲಿ ಇರಲಿಲ್ಲ ಎಂದರೂ ನಡೆದೀತು. ‘ಮಂಗಳೂರ ಸಮಾಚಾರ’ವನ್ನು ಈ ಬೆಳಕಿನಲ್ಲಿ ನೋಡಬೇಕು. 1843ರ ಜುಲೈ 1ರಂದು ಆರಂಭವಾದ ಈ ಪಾಕ್ಷಿಕಕ್ಕೆ ನಾಲ್ಕು ಪುಟ, ಬೆಲೆ ಒಂದು ದುಡ್ಡು. ಅದರಲ್ಲಿ ಊರ ಸುದ್ದಿ ಇತ್ತು, ಕಂಪನಿ ಸರ್ಕಾರದ ನಿರೂಪಗಳಿದ್ದವು, ಹೊರ ರಾಜ್ಯಗಳ ವರ್ತಮಾನವಿತ್ತು. ಜೊತೆಗೆ ಗಾದೆ, ಬುದ್ಧಿಮಾತು, ಕಥೆ, ದಾಸರ ಪದ. ಪತ್ರಿಕೋದ್ಯಮದ ಚರಿತ್ರೆ ಬರೆಯುವವರು ಮೊದಲ ಮೂರನ್ನು ಎತ್ತಿ ಆಡುತ್ತಾರೆ, ಉಳಿದವನ್ನು ಜಾಗ ತುಂಬಿಸಲು ಹಾಕಿದ್ದು ಎನ್ನುವಂತೆ ಬಿಡುತ್ತಾರೆ. ನನಗೆ ತೋರುವುದು ಬೇರೆ. ಗಾದೆ, ಬುದ್ಧಿಮಾತು, ಕಥೆ, ಆಯ್ದ ಪದ್ಯ: ಇದು ಲ್ಯಾಟಿನ್ ಶಾಲೆಯ ಪಾಠಪುಸ್ತಕದ ಕ್ರಮವೇ. ಹದಿನೈದು ದಿನಕ್ಕೊಮ್ಮೆ ಬರುವ ವಾಚಕವೊಂದಕ್ಕೆ ಸುದ್ದಿಯನ್ನೂ ಸೇರಿಸಿದರೆ ಅದು ಪತ್ರಿಕೆಯಾಗುತ್ತದೆ. ಮುಂದೆ ಮೋಗ್ಲಿಂಗ್ ಗಾದೆಗಳನ್ನು ಬೇರೆಯಾಗಿಯೇ ಕೂಡಿಸಿ ಪುಸ್ತಕ ಮಾಡಿದರು. ದಾಸರ ಪದಗಳೂ ಬೇರೆ ಪುಸ್ತಕವಾದವು. ಬೀಜ ಪತ್ರಿಕೆಯಲ್ಲೇ ಇತ್ತು.

ಆ ಪತ್ರಿಕೆ ಅಚ್ಚಾದ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಉಪಯುಕ್ತ, ಏಕೆಂದರೆ ನನ್ನ ವಾದಕ್ಕೆ ಅಲ್ಲೊಂದು ಸಾಕ್ಷಿಯಿದೆ. ಅದು ಕಲ್ಲಚ್ಚು. ಕನ್ನಡದ ಮೊಳೆಗಳನ್ನು ಎರಕ ಹೊಯ್ಯುವುದು ದುಬಾರಿಯ, ದೀರ್ಘಕಾಲದ ಕೆಲಸ: ಒತ್ತಕ್ಷರ, ಕಾಗುಣಿತ ಎಲ್ಲ ಸೇರಿ ನೂರಾರು ಅಚ್ಚುಗಳು ಬೇಕು. ಕಲ್ಲಚ್ಚಿಗೆ ಅದಾವುದೂ ಬೇಡ. ಜಿಡ್ಡಿನ ಮಸಿಯಿಂದ, ಅಂಟು ಸವರಿದ ಕಾಗದದ ಮೇಲೆ, ಅಂದವಾದ ಕೈಬರಹದವನೊಬ್ಬ ಪುಟ ಬರೆಯುತ್ತಾನೆ. ಅದನ್ನು ನುಣುಪಾದ ಸುಣ್ಣಕಲ್ಲಿನ ಮೇಲೆ ಬೋರಲು ಹಾಕಿ ಒತ್ತಿದರೆ ಬರಹ ಕನ್ನಡಿಯಲ್ಲಿ ಕಂಡಂತೆ ಎಡಬಲವಾಗಿ ಕಲ್ಲಿಗೆ ಹತ್ತುತ್ತದೆ. ಕಲ್ಲನ್ನು ನೀರಿನಿಂದ ಒದ್ದೆ ಮಾಡಿ ಮಸಿಯ ಉರುಳೆ ಹಾಯಿಸಿದರೆ ನೀರು ಕುಡಿದ ಜಾಗ ಮಸಿಯನ್ನು ಒಲ್ಲೆನ್ನುತ್ತದೆ, ಜಿಡ್ಡಿನ ಅಕ್ಷರ ಮಸಿ ಹಿಡಿಯುತ್ತದೆ. ಮೇಲೆ ಹಸಿ ಕಾಗದ ಇಟ್ಟು ಒತ್ತಿದರೆ ಪ್ರತಿ ಸಿದ್ಧ. ಹೀಗಾಗಿ ‘ಸಮಾಚಾರ’ದಲ್ಲಿ ನಾವು ಕಾಣುವುದು ಒಬ್ಬ ಬರಹಗಾರನ ಕೈ. ನಾಲ್ಕು ಪುಟದ ಪಾಠವನ್ನು ಹಲವು ಹುಡುಗರಿಗೆ ಹಂಚಬೇಕಾದ ಮಾಸ್ತರರಿಗೆ ಇದಕ್ಕಿಂತ ಅನುಕೂಲವಾದ ಸಾಧನ ಇರಲಿಲ್ಲ. ಸಾವಿರಾರು ಓದುಗರಿರುವ ಪತ್ರಿಕೆಗೆ ಇದು ಸಾಲದು. ಅದಕ್ಕೇ 1844ರ ಫೆಬ್ರುವರಿಯಲ್ಲಿ ಮಂಗಳೂರಿನ ಪ್ರಕಟಣೆ ನಿಂತು, ಪತ್ರಿಕೆ ಮೊಳೆಯ ಅಚ್ಚಿದ್ದ ಬಳ್ಳಾರಿಗೆ ಹೋಗಿ ‘ಕಂನಡ ಸಮಾಚಾರ’ವಾಯಿತು. ಆದರೆ ಗಮನಿಸಿ: ಪತ್ರಿಕೆ ಕಲ್ಲು ಬಿಟ್ಟರೂ ಮೋಗ್ಲಿಂಗ್ ಬಿಡಲಿಲ್ಲ. ನಾಲ್ಕೈದು ವರ್ಷದ ಮೇಲೆ ಕಾವ್ಯಗಳ ಮಾಲೆ ತಂದಾಗ ಅದನ್ನೂ ಕಲ್ಲಚ್ಚಿನಲ್ಲೇ ತಂದರು.

ಈಗ ಆ ಮಾಲೆಯ ಆಯ್ಕೆಯನ್ನೇ ಪರೀಕ್ಷಿಸೋಣ. ಹತ್ತೊಂಬತ್ತನೆಯ ಶತಮಾನದ ಯುರೋಪಿನ ಪ್ರಾಚ್ಯವಿದ್ವಾಂಸನಿಗೆ ಪ್ರಿಯವಾದದ್ದು ಎಲ್ಲಕ್ಕಿಂತ ಹಳೆಯದು. ವೇದ ಸಿಕ್ಕರೆ ಪುರಾಣ ಬೇಡ, ಶಾಸನ ಸಿಕ್ಕರೆ ಹಾಡು ಬೇಡ. ಆ ದೃಷ್ಟಿಯಿಂದ ಕನ್ನಡಕ್ಕೆ ಬಂದವನು ಹುಡುಕಬೇಕಾದದ್ದು ಪಂಪ, ರನ್ನ, ನೃಪತುಂಗರ ಕಾಲದ ಗ್ರಂಥಗಳನ್ನು. ಮೋಗ್ಲಿಂಗ್ ಅವುಗಳ ಬೆನ್ನು ಹತ್ತಲಿಲ್ಲ. ಅವರು ಮೊದಲು ಕೈಯಿಕ್ಕಿದ್ದು ಜೈಮಿನಿ ಭಾರತಕ್ಕೆ. ಜೈಮಿನಿ ಯಾರ ಪುಸ್ತಕ? ನಮ್ಮ ಐಗಳ ಸಾಲೆಯ ಪುಸ್ತಕ. ಮರಳಿನ ಮೇಲೆ ಓನಾಮ ತಿದ್ದಿ, ಕಾಗುಣಿತ ಮುಗಿಸಿದ ಹುಡುಗ ಬಾಯಿಪಾಠಕ್ಕೆ ತೆಗೆದುಕೊಳ್ಳುತ್ತಿದ್ದದ್ದು ಲಕ್ಷ್ಮೀಶನ ಷಟ್ಪದಿಗಳನ್ನು. ಊರಿನಲ್ಲಿ ಅಕ್ಷರ ಬಂತೆಂದರೆ ಜೈಮಿನಿ ಓದಲು ಬಂತೆಂದೇ ಅರ್ಥವಿದ್ದ ಕಾಲ ಅದು. ಹಳಮೆಯ ಬೇಟೆಗಾರನಿಗೆ ಇದು ಎರಡನೆಯ ದರ್ಜೆಯ ಆಯ್ಕೆ, ಮಾಸ್ತರನಿಗೆ ಮೊದಲನೆಯದು. ಜನ ಏನು ಓದುತ್ತಾರೋ, ಹಾಡುತ್ತಾರೋ, ಕುಣಿಯುತ್ತಾರೋ ಅದನ್ನು ಅವರು ತೆಗೆದುಕೊಂಡರು. ಕರಾವಳಿಯಲ್ಲಿ ಕುಣಿಯುವ ಯಕ್ಷಗಾನದ ಪ್ರಸಂಗವೊಂದು ಈ ಮಾಲೆಯಲ್ಲಿ ಸೇರಿದ್ದಕ್ಕೆ ಬೇರೆ ವಿವರಣೆ ಕೊಡುವುದು ಕಷ್ಟ. ಬಸವಪುರಾಣ, ಚೆನ್ನಬಸವಪುರಾಣಗಳ ಆಯ್ಕೆಯ ಹಿಂದೆ ಧಾರವಾಡ, ಹುಬ್ಬಳ್ಳಿಯ ಅನುಭವವಿದೆ ಎಂದು ನಾನು ಊಹಿಸುತ್ತೇನೆ. ಮಂಗಳೂರಿನ ಬೀದಿಯಲ್ಲಿ ಇವುಗಳನ್ನು ಓದುವವರು ವಿರಳ. ಇಲ್ಲಿಯ ಮಠಗಳಲ್ಲಿ, ಶ್ರಾವಣದ ಪುರಾಣ ಪಟ್ಟಿಯಲ್ಲಿ ಅವು ದಿನನಿತ್ಯದ ಮಾತು.

ಓಲೆಗರಿಯಿಂದ ಕಲ್ಲಿಗೆ ಬರುವ ದಾರಿಯಲ್ಲೂ ಮಾಸ್ತರರ ಕೈ ಕಾಣುತ್ತದೆ. ಓಲೆಯಲ್ಲಿ ಪದಕ್ಕೂ ಪದಕ್ಕೂ ನಡುವೆ ಜಾಗವಿರುವುದಿಲ್ಲ. ಪದ್ಯ ಪಾದಪಾದವಾಗಿ ಮುರಿಯದೆ ಅಂಚಿನಿಂದ ಅಂಚಿಗೆ ಹರಿಯುತ್ತದೆ. ಎ-ಏ, ಒ-ಓ ಭೇದವನ್ನು ಲಿಪಿಕಾರರು ಬಹಳಮಟ್ಟಿಗೆ ತೋರಿಸುತ್ತಿರಲಿಲ್ಲ. ಪಂಡಿತನಿಗೆ ಇದು ತೊಡಕಲ್ಲ. ಅವನಿಗೆ ಪದ್ಯ ಮೊದಲೇ ಕಂಠಸ್ಥ, ಓಲೆ ನೆನಪಿಗೊಂದು ಆಸರೆ ಅಷ್ಟೆ. ಕೇಳಿ ಕಲಿಯದೆ ನೋಡಿ ಕಲಿಯಬೇಕಾದವನಿಗೆ ಮಾತ್ರ ಪ್ರತಿ ಸಾಲೂ ಗೋಡೆ. ಪದ್ಯಗಳನ್ನು ಬಿಡಿಸಿ, ಸಂಖ್ಯೆ ಹಾಕಿ, ಪುಟವಾಗಿ ಹೊಂದಿಸುವ ಕೆಲಸ ಇಂಥ ಓದುಗನನ್ನು ಮನಸ್ಸಿನಲ್ಲಿಟ್ಟುಕೊಂಡವರದು. ಅದೇ ಕಾರಣಕ್ಕೆ ಈ ಆವೃತ್ತಿಗಳಲ್ಲಿ ಇಂದಿನ ಗ್ರಂಥಸಂಪಾದನೆ ಕೇಳುವ ಮುಖ್ಯ ಅಂಶವೇ ಇಲ್ಲ: ಯಾವ ಯಾವ ಪ್ರತಿ ನೋಡಿದರು, ಪಾಠಾಂತರಗಳು ಯಾವುವು ಎಂಬುದರ ಲೆಕ್ಕ. ತರಗತಿಗೆ ಒಂದು ಪಾಠ ಸಾಕು, ಎರಡಾದರೆ ಗೊಂದಲ. ಮೋಗ್ಲಿಂಗ್ ಅವರನ್ನು ಶಾಸ್ತ್ರೀಯ ಸಂಪಾದನೆಯ ಆದ್ಯರೆಂದು ಹೊಗಳುವವರು ಈ ಪುಸ್ತಕಗಳನ್ನು ತೆರೆದು ನೋಡಿಲ್ಲವೆಂದೇ ಹೇಳಬೇಕು. ಆ ಗೌರವ ಸಲ್ಲಬೇಕಾದದ್ದು ಮುಂದೆ ಬಂದ ಕಿಟೆಲ್‌ಗೆ.

ಇಷ್ಟು ಹೇಳಿದ ಮೇಲೆ ಎದುರುವಾದಗಳನ್ನು ಎದುರಿಸಬೇಕು. ಮೊದಲನೆಯದು ಬಲವಾದದ್ದು: ಶಾಲೆಯೇ ಮತಾಂತರದ ಸಾಧನವಾಗಿದ್ದಾಗ ಮಾಸ್ತರ ಬೇರೆ, ಮಿಶನರಿ ಬೇರೆ ಎನ್ನುವುದು ಕಣ್ಣೊರೆಸುವ ಮಾತಲ್ಲವೆ? ಮೋಗ್ಲಿಂಗ್ ಅವರೇ ಜಾತಿಪದ್ಧತಿಯ ವಿರುದ್ಧ, ಇಲ್ಲಿಯ ದೇವತೆಗಳ ವಿರುದ್ಧ ಕಟುವಾದ ಖಂಡನೆಯ ಪುಸ್ತಿಕೆಗಳನ್ನು ಬರೆದವರು. 1844ರ ಜನವರಿಯಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ತರುಣ ಕ್ರೈಸ್ತನಾದಾಗ ಮಂಗಳೂರಿನಲ್ಲಿ ಎದ್ದ ಗದ್ದಲ ಸಣ್ಣದಲ್ಲ. ಇದನ್ನು ಮುಚ್ಚಿಡುವ ಅಗತ್ಯ ನನಗಿಲ್ಲ, ಮೋಗ್ಲಿಂಗ್ ಅವರೂ ಮುಚ್ಚಿಡಲಿಲ್ಲ. ಮತಪ್ರಚಾರದ ಉದ್ದೇಶ ಶಾಲೆ ಏಕೆ ತೆರೆಯಿತು ಎಂಬುದನ್ನು ವಿವರಿಸುತ್ತದೆ, ಒಪ್ಪಿದೆ. ಅದರೊಳಗೆ ಏನು ಓದಿಸಿದರು ಎಂಬುದನ್ನು ಅದು ವಿವರಿಸದು. ಅದೇ ಉದ್ದೇಶವಿದ್ದ ಬಳ್ಳಾರಿಯ ಲಂಡನ್ ಮಿಶನ್ನಿನವರು ಮೋಗ್ಲಿಂಗ್‌ಗಿಂತ ಮುಂಚೆ ಬಂದು, ಅವರಿಗಿಂತ ಒಳ್ಳೆಯ ಛಾಪಖಾನೆ ಇಟ್ಟುಕೊಂಡೂ ಇಂಥ ಮಾಲೆಯನ್ನು ತರಲಿಲ್ಲ. ಉದ್ದೇಶ ಒಂದೇ ಆಗಿದ್ದು ಫಲ ಬೇರೆಯಾದರೆ ಕಾರಣವನ್ನು ಉದ್ದೇಶದಾಚೆ ಹುಡುಕಬೇಕಾಗುತ್ತದೆ.

ಹಣದ ಮೂಲವೂ ಇದನ್ನೇ ಹೇಳುತ್ತದೆ. ಮಾಲೆಯ ಬೆನ್ನಿಗೆ ನಿಂತವರು ಕ್ಯಾಸಾಮೇಜರ್ ಎಂಬ ನಿವೃತ್ತ ಮದ್ರಾಸ್ ನ್ಯಾಯಾಧೀಶರು. ನೀಲಗಿರಿಯಲ್ಲಿ ನೆಲೆಸಿ ಕನ್ನಡದಲ್ಲಿ ಆಸ್ಥೆ ಇಟ್ಟುಕೊಂಡವರು. ಎದುರಾಳಿಯ ಗ್ರಂಥಗಳನ್ನು ಅರಿತು ಅವನನ್ನು ಗೆಲ್ಲುವುದೇ ಮಿಶನ್ನಿನ ಯೋಜನೆಯಾಗಿದ್ದರೆ ಒಬ್ಬ ಖಾಸಗಿ ಗೃಹಸ್ಥನ ಬೊಕ್ಕಸಕ್ಕೆ ಕೈಯೊಡ್ಡುವ ಪ್ರಸಂಗ ಬರುತ್ತಿರಲಿಲ್ಲ. ಇನ್ನು, ಖಂಡನೆಗೆ ಬೇಕಾದದ್ದು ನಾಲ್ಕು ಆಯ್ದ ಪದ್ಯ, ಒಂದು ಸಾರಾಂಶ. ಇಡೀ ಪುರಾಣವನ್ನು ಟೀಕೆ ಟಿಪ್ಪಣಿಯ ಆಕ್ಷೇಪಗಳಿಲ್ಲದೆ ಅಚ್ಚು ಹಾಕಿ ಹಂಚಿದರೆ ಲಾಭ ಪುರಾಣಕ್ಕೇ ಹೊರತು ಖಂಡಿಸುವವನಿಗಲ್ಲ. ಆದದ್ದೂ ಹಾಗೆಯೇ: ಪುರಾಣ ಅಚ್ಚಿಗೆ ಒಗ್ಗುತ್ತದೆ ಎಂದು ತೋರಿಸಿಕೊಟ್ಟ ಮೇಲೆ ಆ ಶತಮಾನದ ಉತ್ತರಾರ್ಧದಲ್ಲಿ ನಮ್ಮವರೇ ಛಾಪಖಾನೆ ಹಾಕಿ ಅವುಗಳನ್ನು ಮತ್ತೆ ಮತ್ತೆ ತಂದರು.

ಎರಡನೆಯ ಆಕ್ಷೇಪ ಪಂಡಿತರ ಕಡೆಯಿಂದ ಬರುತ್ತದೆ. ಈ ಪುಸ್ತಕಗಳ ನಿಜವಾದ ದುಡಿಮೆ ಯಾರದು? ಓಲೆ ತಂದುಕೊಟ್ಟವರು, ಅರ್ಥ ಹೇಳಿದವರು, ಪುಟಗಳನ್ನು ಜಿಡ್ಡಿನ ಮಸಿಯಲ್ಲಿ ಬರೆದವರು ಕನ್ನಡಿಗರು. ಹೊದಿಕೆಯ ಮೇಲೆ ಅವರ ಹೆಸರಿಲ್ಲ. ಈ ಆಕ್ಷೇಪಕ್ಕೆ ನಾನು ಉತ್ತರ ಹೇಳುವುದಿಲ್ಲ, ಒಪ್ಪಿಕೊಳ್ಳುತ್ತೇನೆ. ಒಪ್ಪಿಕೊಂಡರೆ ನನ್ನ ವಾದ ಬಲವಾಗುತ್ತದೆ ಎಂದೂ ಸೇರಿಸುತ್ತೇನೆ. ತರಂಗಂಬಾಡಿಗೆ 1706ರಲ್ಲಿ ಬಂದ ಜರ್ಮನ್ ಪಾದ್ರಿ ಸೀಗನ್‌ಬಾಲ್ಗ್ ತಮಿಳು ಕಲಿತದ್ದು ಅಲ್ಲಿಯ ಉಪಾಧ್ಯಾಯರ ಮುಂದೆ ಮಕ್ಕಳ ಸಾಲಿನಲ್ಲಿ ನೆಲದ ಮೇಲೆ ಕೂತು, ಮರಳಿನಲ್ಲಿ ಅಕ್ಷರ ತಿದ್ದಿ. ಮೋಗ್ಲಿಂಗ್ ಬಂದದ್ದು ಆ ಸಂಪ್ರದಾಯದಲ್ಲೇ. ಜೈಮಿನಿಯ ಆಯ್ಕೆ ಐಗಳ ಸಾಲೆಯಿಂದ ಬಂತು ಎಂದು ಆಗಲೇ ಹೇಳಿದೆ. ಹಾಗಾದರೆ ಮಾಲೆಯ ಪಠ್ಯಕ್ರಮವನ್ನು ರೂಪಿಸಿದವರು ಟ್ಯೂಬಿಂಗನ್ನಿನ ಪ್ರಾಧ್ಯಾಪಕರಲ್ಲ, ನಮ್ಮ ಊರೂರಿನ ಐಗಳು. ಜರ್ಮನ್ ಶಾಲೆಯ ಪದ್ಧತಿ ಕೊಟ್ಟದ್ದು ವಿಧಾನವನ್ನು. ಕನ್ನಡ ಸಾಲೆ ಕೊಟ್ಟದ್ದು ವಸ್ತುವನ್ನು. ಇಬ್ಬರೂ ಮಾಸ್ತರರೇ ಆದ್ದರಿಂದ ಈ ಕೊಡುಕೊಳೆ ಸಾಧ್ಯವಾಯಿತು. ಹೆಸರು ಹಾಕದ ತಪ್ಪು ಮಾತ್ರ ಆ ಕಾಲದ ರೂಢಿ ಎಂದು ಕ್ಷಮಿಸುವಂಥದ್ದಲ್ಲ.

ಮೂರನೆಯದು ನನ್ನ ವಾದದ ಬುಡಕ್ಕೇ ಬರುವಂಥದು. ಬಾಸೆಲ್‌ನಿಂದ ಬಂದವರಲ್ಲಿ ಹೆಚ್ಚಿನವರು ರೈತರು, ನೇಕಾರರು, ಕುಶಲಕರ್ಮಿಗಳು; ಲ್ಯಾಟಿನ್ ಶಾಲೆಯ ಹೊಸ್ತಿಲು ತುಳಿಯದವರು. ಹೀಗಿರುವಾಗ ಮೆಲಾಂಖ್ಟನ್, ಕೆಪ್ಲರ್ ಎಂದು ದೊಡ್ಡ ಹೆಸರುಗಳನ್ನು ತರುವುದು ಎಷ್ಟು ಸರಿ? ಸರಿಯೇ, ಏಕೆಂದರೆ ಪುಸ್ತಕ ಬಂದದ್ದು ಅವರಲ್ಲಿ ಆ ಶಾಲೆ ಕಂಡ ಕೆಲವರ ಕೈಯಿಂದ ಮಾತ್ರ. ನೇಕಾರರಿಂದ ನೇಯ್ಗೆಯ ಕಾರ್ಖಾನೆ ಬಂತು, ಕುಶಲಕರ್ಮಿಗಳಿಂದ ಮಂಗಳೂರು ಹಂಚು ಬಂತು, ಅದು ಇನ್ನೂ ನಮ್ಮ ಹಳೆಯ ಮನೆಗಳ ಮೇಲಿದೆ. ಟ್ಯೂಬಿಂಗನ್ನಿನವರಾದ ಮೋಗ್ಲಿಂಗ್, ವೈಗ್ಲೆ, ಗುಂಡರ್ಟ್‌ರಿಂದ ಭಾಷೆಯ ಕೆಲಸ ಬಂತು. ಗಾಟ್‌ಫ್ರೀಡ್ ವೈಗ್ಲೆ 1848ರಲ್ಲಿ ಜರ್ಮನ್ ಪ್ರಾಚ್ಯವಿದ್ಯಾ ಸಂಘದ ಪತ್ರಿಕೆಯಲ್ಲಿ ಕನ್ನಡ ಭಾಷೆ, ಸಾಹಿತ್ಯ ಕುರಿತು ಲೇಖನ ಬರೆದರು, ಬೈಬಲ್ಲಿನ ಅನುವಾದವನ್ನು ತಿದ್ದುತ್ತ 1855ರಲ್ಲಿ ತೀರಿಕೊಂಡರು. ಗುಂಡರ್ಟ್ ಮುಂದೆ ಸರ್ಕಾರದ ಶಾಲಾ ಇನ್ಸ್‌ಪೆಕ್ಟರ್ ಆಗಿ ಮಲಬಾರು, ಕೆನರಾಗಳಲ್ಲಿ ಸುತ್ತಿದರು. ಶಾಲೆಯ ಕೆಲಸದಿಂದ ಪಾಂಡಿತ್ಯ ಹುಟ್ಟುವುದು ಜರ್ಮನ್ನರಿಗೆ ಮಾತ್ರ ಸೀಮಿತವೂ ಅಲ್ಲ: ಮೈಸೂರು ಸೀಮೆಯಲ್ಲಿ 1868ರಲ್ಲಿ ಶಬ್ದಮಣಿದರ್ಪಣವನ್ನು ಹೊರತಂದ ಗ್ಯಾರೆಟ್, ಮುಂದೆ ಶಾಸನಗಳನ್ನೂ ಪಂಪಭಾರತವನ್ನೂ ಪ್ರಕಟಿಸಿದ ರೈಸ್, ಇಬ್ಬರೂ ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿದ್ದವರು. ಶಾಲೆಗಳ ತಪಾಸಣೆಗೆ ಊರೂರು ತಿರುಗುವಾಗಲೇ ರೈಸ್ ಅವರಿಗೆ ಶಾಸನಗಳ ಹುಚ್ಚು ಹತ್ತಿದ್ದು.

ಉಳಿದದ್ದು ಕಿಟೆಲ್ ಪ್ರಶ್ನೆ. 1894ರಲ್ಲಿ ಹೊರಬಂದ, 1700ಕ್ಕೂ ಹೆಚ್ಚು ಪುಟಗಳ, ಸುಮಾರು 70,000 ಪದಗಳ ನಿಘಂಟು ಯಾವ ತರಗತಿಗಾಗಿ? ಯಾವ ಹುಡುಗ ಅದನ್ನು ಚೀಲದಲ್ಲಿ ಹೊತ್ತಾನು? ಇಲ್ಲಿ ನನ್ನ ವಾದ ಅರ್ಧ ಹಿಂದೆ ಸರಿಯಬೇಕು. ಕಿಟೆಲ್ ಆರಂಭಿಸಿದ್ದು ಮಾಸ್ತರರ ದಾರಿಯಲ್ಲೇ. ಅವರ ಹಳಗನ್ನಡ ವ್ಯಾಕರಣ ಸೂತ್ರಗಳು, ಸಣ್ಣ ಕರ್ಣಾಟಕ ಕಾವ್ಯಮಾಲೆ ಇವು ಶಾಲೆಯ ಪುಸ್ತಕಗಳು. ಆದರೆ 1872ರ ಶಬ್ದಮಣಿದರ್ಪಣ, 1875ರ ನಾಗವರ್ಮನ ಛಂದಸ್ಸು ಬರುವ ಹೊತ್ತಿಗೆ ಅವರ ಓದುಗ ಬದಲಾಗಿದ್ದ. ಹಸ್ತಪ್ರತಿಗಳನ್ನು ಹೋಲಿಸುವುದು, ಕವಿಗಳ ಕಾಲ ನಿರ್ಣಯಿಸುವುದು, ದ್ರಾವಿಡ ಧಾತುಗಳನ್ನು ಬೆನ್ನಟ್ಟುವುದು: ಇದೆಲ್ಲ ಪಂಡಿತನು ಪಂಡಿತರಿಗಾಗಿ ಮಾಡುವ ಕೆಲಸ. ಶಾಲೆಯ ಹಳೆಯ ದಾರಿ ಆ ಹೊತ್ತಿಗೆ ಧಾರವಾಡದಲ್ಲಿದ್ದ ಝೀಗ್ಲರ್ ಅವರ ಪಾಲಿಗೆ ಬಂದಿತ್ತು. ಅವರು 1876ರಲ್ಲಿ ತಂದ ಇಂಗ್ಲಿಷ್-ಕನ್ನಡ ಕೋಶದ ಹೆಸರಿನಲ್ಲೇ ಅದು ಶಾಲೆಯ ನಿಘಂಟು ಎಂದಿದೆ. ಕಿಟೆಲ್ ಕೋಶದ ಎದುರು ಅದು ಬಡವ. ಕನ್ನಡ ಸಾಲೆಗಳು ಹೊಸದಾಗಿ ಬೇರುಬಿಡುತ್ತಿದ್ದ, ಮರಾಠಿಯ ಭಾರ ಇನ್ನೂ ಇಳಿಯದಿದ್ದ ಈ ಮುಂಬಯಿ ಕರ್ನಾಟಕದಲ್ಲಿ ಆ ಬಡವನ ಉಪಯೋಗವೇ ಮೊದಲು ಆದದ್ದು.

ಮೋಗ್ಲಿಂಗ್ ಅವರ ಬದುಕಿನ ಉತ್ತರಾರ್ಧ ನನ್ನ ಮಾತಿಗೆ ಕೊನೆಯ ಸಾಕ್ಷಿ. 1851-52ರಲ್ಲಿ ಬಾಸೆಲ್‌ನಿಂದ ಜೋಸೆನ್‌ಹಾನ್ಸ್ ಎಂಬ ಮೇಲಧಿಕಾರಿ ತಪಾಸಣೆಗೆ ಬಂದರು, ನಿಯಮಗಳನ್ನು ಬಿಗಿಗೊಳಿಸಿದರು. 1853ರಲ್ಲಿ ಮೋಗ್ಲಿಂಗ್ ಕೊಡಗಿಗೆ ಹೋದರು. ಮಾಲೆಯೂ ಅದೇ ವರ್ಷ ಮುಗಿಯಿತು. ಕ್ಯಾಸಾಮೇಜರ್ 1849ರಲ್ಲೇ ತೀರಿಕೊಂಡಿದ್ದರು, ಹಣದ ಅಡಚಣೆಯೂ ಒಂದು ಕಾರಣವಿರಬಹುದು. ಆದರೆ ಬಲ್ಮಠದ ತರಗತಿ ಕೈತಪ್ಪಿದ ಮೇಲೆ ಆ ಪ್ರಮಾಣದ ಕಾವ್ಯ ಪ್ರಕಟಣೆಗೆ ಅವರು ಮತ್ತೆ ಕೈಹಾಕಲಿಲ್ಲ ಎಂಬುದು ಖಚಿತ. ಕೊಡಗಿನಲ್ಲಿದ್ದಾಗ ಆ ನಾಡಿನ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು, 1857ರಲ್ಲಿ ಕೊಡಗಿನ ಅರಸರ ಚರಿತ್ರೆಯಾದ ರಾಜೇಂದ್ರನಾಮೆಯನ್ನು ಅಚ್ಚು ಹಾಕಿಸಿದರು. ಟ್ಯೂಬಿಂಗನ್ ವಿಶ್ವವಿದ್ಯಾಲಯ 1858ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. 1860ರಲ್ಲಿ ಊರಿಗೆ ಮರಳಿದರು. ವೈಗ್ಲೆಯವರ ವಿಧವೆ ಪೌಲೀನ್ ಆಗ ಅವರ ಪತ್ನಿ.

ಅಲ್ಲಿ, ಕನ್ನಡದ ಒಬ್ಬ ಹುಡುಗನೂ ಎದುರಿಗಿಲ್ಲದ ಊರಿನಲ್ಲಿ, ಅವರು ಮಾಡಿದ್ದು ದಾಸರ ಪದಗಳ ಜರ್ಮನ್ ಅನುವಾದ. ಪ್ರಾಚ್ಯವಿದ್ಯಾ ಸಂಘದ ಪತ್ರಿಕೆಯಲ್ಲಿ ಅವು 1860ರಿಂದ ಕಂತುಕಂತಾಗಿ ಬಂದವು. ಪುರಂದರ, ಕನಕರನ್ನು ಜರ್ಮನ್ ವಿದ್ವಾಂಸರಿಗೆ ಪರಿಚಯಿಸಿದ ಈ ಕೆಲಸ ಸಣ್ಣದಲ್ಲ. ಆದರೆ ಅದರ ಜಾತಿ ಬೇರೆ: ಆರಾಮವಾಗಿ, ಬಿಡಿಬಿಡಿಯಾಗಿ, ವರ್ಷಗಳ ಅಂತರ ಬಿಟ್ಟು ಮಾಡಿದ್ದು. ಮಂಗಳೂರಿನಲ್ಲಿ ಐದೇ ವರ್ಷದಲ್ಲಿ ಪುರಾಣದ ಮೇಲೆ ಪುರಾಣ ಕಲ್ಲಿಗೇರಿಸಿದ ಅವಸರ ಅಲ್ಲಿಲ್ಲ. ಅವರು 1881ರಲ್ಲಿ ಎಸ್ಲಿಂಗನ್‌ನಲ್ಲಿ ತೀರಿಕೊಂಡ ಮರುವರ್ಷವೇ ಗೆಳೆಯ ಗುಂಡರ್ಟ್ ಅವರ ಜೀವನಚರಿತ್ರೆ ಪ್ರಕಟಿಸಿದರು. ಗುಂಡರ್ಟ್ ಅದಕ್ಕೆ ಕೊಟ್ಟ ಹೆಸರಿನಲ್ಲಿ ಮೋಗ್ಲಿಂಗ್ ಮಿಶನರಿ. ಗೆಳೆಯನ ಆ ಮಾತನ್ನು ನಾವು ಪರಂಪರೆಯಾಗಿ ಒಪ್ಪಿಕೊಂಡು ಬಂದಿದ್ದೇವೆ. ಕಲ್ಲಚ್ಚಿನ ಪುಟಗಳನ್ನು ಕೇಳಿದರೆ ಅವು ಬೇರೆ ಸಾಕ್ಷಿ ಹೇಳುತ್ತವೆ.